ಕಾಲು ತೊಳೆಯುವ ಕಲ್ಲು

ಆ ಊರಿಗೆ ಯಾವ ದಿಕ್ಕಿನಿಂದ ಬಂದರೂ ಕೊನೆಯ ಒಂದು ಹರದಾರಿ ನಡೆದೇ ಬರಬೇಕು. ಕುದುರೆ ಇದ್ದವನು ಕುದುರೆ ಬಿಡಬೇಕು, ಗಾಡಿ ಇದ್ದವನು ಗಾಡಿ ಬಿಡಬೇಕು, ಚಪ್ಪಲಿ ಇದ್ದವನು ಚಪ್ಪಲಿಯನ್ನೂ ಬಿಡಬೇಕು. ಅಲ್ಲಿ ನೋಡುವುದಕ್ಕೆ ಇರುವುದು ಕಾಳಗದ ಬಯಲು ಒಂದೇ, ಅದನ್ನು ಬರಿಗಾಲಿನಲ್ಲಿ ನಡೆದು ನೋಡಬೇಕು ಎಂದು ಊರಿನವರು ಬಂದವರಿಗೆಲ್ಲ ಹೇಳುತ್ತಾರೆ. ಆ ನೆಲದಲ್ಲಿ ರಾಗಿ ಜೋಳ ಹೇಗೋ ಏನೋ, ಗತ್ತು ಮಾತ್ರ ಹುಲುಸಾಗಿ ಬೆಳೆಯುತ್ತದೆ.

ಗಂಡಸರು ಸೊಂಟಕ್ಕೆ ಎರಡೆರಡು ಕತ್ತಿ ಕಟ್ಟುತ್ತಿದ್ದ ಕಾಲದಲ್ಲಿ ಆ ಕಾಳಗ ನಡೆಯಿತು. ದೊಡ್ಡ ಕತ್ತಿ ಎದುರಾಳಿಗೆ, ಚಿಕ್ಕ ಕತ್ತಿ ತನಗೆ. ಸೋತವನು ಚಿಕ್ಕ ಕತ್ತಿಯನ್ನು ತನ್ನ ಹೊಟ್ಟೆಗೇ ಇಳಿಸಿಕೊಳ್ಳಬೇಕಿತ್ತು. ಪ್ರತಿಯೊಬ್ಬನ ಬೆನ್ನಿಗೂ ಅವನ ಹೆಸರು ಬರೆದ ಬಾವುಟ ಇರುತ್ತಿತ್ತು. ಮೂಡಣ ದೊರೆಯ ಕಡೆಯವರು ಮೂಡಣದಿಂದ ಬಂದರು, ಪಡುವಣ ದೊರೆಯ ಕಡೆಯವರು ಪಡುವಣದಿಂದ ಬಂದರು. ಮಂಜು ಬಿದ್ದ ಒಂದು ಬೆಳಗ್ಗೆ ಶುರುವಾದದ್ದು, ಮಂಜು ಕರಗುವ ಹೊತ್ತಿಗೆ ಮುಗಿದಿತ್ತು. ದೊರೆಗಳಿಬ್ಬರೂ ಆಮೇಲೆ ರಾಜಿಯಾದರಂತೆ.

ಈಗ ಬಯಲಿನಲ್ಲಿ ತೊಂಬತ್ತಾರು ಕಲ್ಲುಗಳಿವೆ. ಪ್ರತಿ ಕಲ್ಲಿನ ಮೇಲೂ ಒಬ್ಬನ ಹೆಸರು, ಅದರ ಕೆಳಗೆ, ಊರಿಗಿಂತಲೂ ಹಳೆಯದಾದ ಹೆಬ್ಬಾಗಿಲಿನಿಂದ ಅಲ್ಲಿಗೆ ಎಷ್ಟು ಹೆಜ್ಜೆ ಎಂಬ ಲೆಕ್ಕ. ತೊಂಬತ್ತಾರು ಕಲ್ಲಿಗೆ ಊರಿನಲ್ಲಿ ತೊಂಬತ್ತಾರು ಮನೆ. ವರ್ಷದ ಮೊದಲ ಮಂಜು ಬಿದ್ದ ದಿನ ಮನೆಗೊಬ್ಬರು ತಮ್ಮ ಮೂಲಪುರುಷನ ಒಂದು ಗುರುತು ಹಿಡಿದು ಹೊರಡುತ್ತಾರೆ: ಒಬ್ಬರ ಕೈಯಲ್ಲಿ ಶಿರಸ್ತ್ರಾಣದ ಚೂರು, ಒಬ್ಬರ ಕೈಯಲ್ಲಿ ಬಾವುಟದ ಎಳೆ. ಹೆಜ್ಜೆ ಎಣಿಸುತ್ತಾ ಹೋಗುತ್ತಾರೆ, ಕಲ್ಲಿನ ಮುಂದೆ ಗುರುತನ್ನು ಇಡುತ್ತಾರೆ, "ನೀನು ಬಿದ್ದಲ್ಲಿ ನಾನು ನಿಂತೆ" ಎನ್ನುತ್ತಾರೆ, ಹೆಜ್ಜೆ ಎಣಿಸುತ್ತಾ ಹಿಂದಿರುಗುತ್ತಾರೆ. ಮನೆಯಲ್ಲಿ ಯಾರಾದರೂ ಸತ್ತರೆ ಅವರ ಬೂದಿಯೂ ಆ ಕಲ್ಲಿನ ಬುಡಕ್ಕೇ ಸೇರುತ್ತದೆ.

ಕಟ್ಟಳೆಗಳು ಮೂರು. ಬಯಲಿಗೆ ಕಾಲಿಟ್ಟವರು ತಮ್ಮ ಮೂಲಪುರುಷ ಬಿದ್ದ ಜಾಗವನ್ನು ಮುಟ್ಟಲೇಬೇಕು, ಮುಟ್ಟದವರಿಗೆ ಮತ್ತೆ ಊರೊಳಗೆ ಪ್ರವೇಶವಿಲ್ಲ. ಬಯಲಿನ ಮಣ್ಣು ಊರೊಳಗೆ ಬರಕೂಡದು. ಬಯಲಿನ ಮಣ್ಣು ಮೆತ್ತಿದ ಕಾಲನ್ನು ಯಾರೂ ತಾವೇ ತೊಳೆದುಕೊಳ್ಳಕೂಡದು, ಇನ್ನೊಬ್ಬರ ಕೈ ತೊಳೆಯಬೇಕು. ಪರವೂರಿನಿಂದ ನಡೆದು ಬಂದವರಿಗೆ ಮೊದಲನೆಯದರಿಂದ ವಿನಾಯಿತಿ. ಅವರನ್ನು ಯಜಮಾನರ ಮನೆಯ ಕಲ್ಲಿಗೆ ಕಳಿಸಿ ಮರ್ಯಾದೆ ಮಾಡುತ್ತಾರೆ.

ತೊಳೆಯುವ ಕೈ ಒಂದೇ ಮನೆಯದು. ಅದು ತೊಂಬತ್ತೇಳನೆಯ ಮನೆ, ಕಲ್ಲಿಲ್ಲದ ಮನೆ. ಹೆಬ್ಬಾಗಿಲಿನ ಹೊರಗೆ ಒಂದು ಚಪ್ಪಟೆ ಕಲ್ಲು ಮಲಗಿದೆ. ಅದರ ಮೇಲೆ ನಿಂತವರ ಕಾಲನ್ನು ಆ ಮನೆಯವರು ಕೂತು ತೊಳೆಯುತ್ತಾರೆ. ಕಲ್ಲಿನ ನೇರಕ್ಕೆ ಬಾಗಿಲ ತೊಲೆಯಲ್ಲಿ ಒಂದು ಚಿಕ್ಕ ಕತ್ತಿ ನೇತಾಡುತ್ತದೆ. ಅದು ಓಡಿಹೋದವನ ಕತ್ತಿ. ತುದಿ ಮುರಿದು, ಮುರಿದ ಅಂಚಿನ ನಡುವೆ ಒಂದು ಕಚ್ಚು ಬಿದ್ದಿದೆ. ಕಚ್ಚಿನ ಎರಡು ಪಕ್ಕಕ್ಕೂ ಒಂದೊಂದು ಹಲ್ಲು ಉಳಿದಿದೆ. ಸಾಯುವ ಧೈರ್ಯವಿಲ್ಲದೆ ಕಲ್ಲಿಗೆ ಬಡಿದು ಮುರಿದು ಎಸೆದು ಓಡಿದ ಎಂದು ಊರಿನವರು ಹೇಳುತ್ತಾರೆ. ಅದರ ಕೆಳಗೆ ಹಾದುಹೋಗುವಾಗ ದೊಡ್ಡವರು ಮೂಗು ಮುರಿಯುತ್ತಾರೆ, ಮಕ್ಕಳು ನಗುತ್ತಾರೆ.

ಈ ವರ್ಷ ತೊಳೆಯಲು ಕೂತವಳು ಒಬ್ಬ ಹೆಂಗಸು. ಅವಳ ಅಪ್ಪ ಐವತ್ತು ವರ್ಷ ತೊಳೆದು ಒಂಬತ್ತು ದಿನದ ಹಿಂದೆ ಸತ್ತಿದ್ದ. ಕೆಲಸ ಕಲಿಸಿದವನು ಅವನೇ. "ಮೊದಲು ಹಿಮ್ಮಡಿ ಕಣವ್ವ. ಬೆರಳು ಎಲ್ಲರಿಗೂ ಕಾಣುತ್ತೆ, ಹಿಮ್ಮಡಿ ಯಾರಿಗೂ ಕಾಣಲ್ಲ. ಮಣ್ಣು ಅಲ್ಲೇ ಅಡಗಿ ಕೂತಿರುತ್ತೆ," ಎನ್ನುತ್ತಿದ್ದ. ಸಾಯುವ ಮುಂಚೆ ಅವನು ಇನ್ನೊಂದು ಮಾತು ಹೇಳಿದ್ದ.

"ನನ್ನ ಬೂದೀನ ಹಳ್ಳಕ್ಕೆ ಹಾಕಬೇಡ. ಐವತ್ತು ವರ್ಷ ಆ ಮಣ್ಣು ತೊಳೆದಿದೀನಿ. ಅದರಲ್ಲೇ ಎಲ್ಲಾದರೂ ಒಂದು ಹಿಡಿ ಜಾಗ ನೋಡು."

ಕಲ್ಲಿಲ್ಲದ ಮನೆಯವರ ಬೂದಿ ಊರಾಚೆಯ ಹಳ್ಳಕ್ಕೆ ಹೋಗುವುದು ಪದ್ಧತಿ. ಸತ್ತ ನಾಯಿಯೂ ಕೊಳೆತ ಸೊಪ್ಪೂ ಹೋಗುವ ಹಳ್ಳ ಅದು. ಅವಳ ತಾತ ಅಲ್ಲಿಗೇ ಹೋದ, ಅಜ್ಜಿ ಅಲ್ಲಿಗೇ ಹೋದಳು, ತಾಯಿಯ ಮಡಕೆಯನ್ನು ಅಲ್ಲಿ ಬೋರಲು ಹಾಕಿದವಳು ಇವಳೇ. ಅಪ್ಪನದನ್ನು ಹಾಕಲು ಅವಳಿಗೆ ಮನಸ್ಸು ಬರಲಿಲ್ಲ. ಒಂಬತ್ತು ದಿನದಿಂದ ಮಡಕೆ ಅವಳ ಮಗ್ಗುಲಲ್ಲೇ ಇತ್ತು. ಹತ್ತನೆಯ ದಿನದ ಸೂರ್ಯ ಮುಳುಗುವುದರೊಳಗೆ ಬೂದಿ ನೆಲ ಸೇರಬೇಕು. ಹತ್ತನೆಯ ದಿನವೇ ಮಂಜೂ ಬಿತ್ತು.

ಬೆಳಗ್ಗೆ ಜನ ಸೇರಿದರು. ಯಜಮಾನರು ಚಪ್ಪಟೆ ಕಲ್ಲಿನ ಮೇಲೆ ಹತ್ತಿ ನಿಂತರು. ಪ್ರತಿ ವರ್ಷದ ಹಾಗೆ ಅವರು ಕೇಳಿದರು, ಜನ ಒಕ್ಕೊರಲಿನಿಂದ ಹೇಳಿದರು.

"ಎಷ್ಟು ಮಂದಿ ಬಂದರು?"

"ತೊಂಬತ್ತೇಳು."

"ಎಷ್ಟು ಮಂದಿ ಬಿದ್ದರು?"

"ತೊಂಬತ್ತಾರು."

"ಒಬ್ಬ?"

"ಓಡಿದ."

ಇಲ್ಲಿ ಎಲ್ಲರೂ ತೊಳೆಯುವವಳ ಕಡೆ ತಿರುಗಬೇಕು, ಅವಳು ತಲೆ ತಗ್ಗಿಸಬೇಕು. ತಿರುಗಿದರು, ತಗ್ಗಿಸಿದಳು. ಯಜಮಾನರು ಮುಂದುವರಿಸಿದರು.

"ವರ್ಷ ಕಳೆದು ಬಂದು ಊರು ಕಟ್ಟಿದವರು ಯಾರು?"

"ಹೆಂಡಿರು ಮಕ್ಕಳು."

"ಅವರು ಬರುವ ಮೊದಲೇ ಕಲ್ಲು ನಿಲ್ಲಿಸಿದ್ದವರು ಯಾರು?"

"ಬಯಲು. ಬಯಲೇ ನಿಲ್ಲಿಸಿತ್ತು."

"ಹೆಬ್ಬಾಗಿಲಲ್ಲಿ ಏನಿತ್ತು?"

"ಓಡಿದವನ ಕತ್ತಿ."

"ಈ ಕಲ್ಲಿನ ಮೇಲೆ ಯಾರು ಬಿದ್ದಿದ್ದ?"

"ಯಾರೋ ಭಿಕ್ಷುಕ. ಮುಖವನ್ನು ಕಾಗೆ ತಿಂದಿತ್ತು, ಬೆರಳಿನಲ್ಲಿ ಉಗುರಿರಲಿಲ್ಲ."

"ಅವನನ್ನು ಏನು ಮಾಡಿದೆವು?"

"ಹಳ್ಳಕ್ಕೆ ಹಾಕಿದೆವು, ಜಾಗ ತೊಳೆದೆವು."

"ಅಂದಿನಿಂದ?"

"ಅಂದಿನಿಂದ ತೊಳೆಯುತ್ತಿದ್ದೇವೆ."

ಭಿಕ್ಷುಕ ಈ ಕಥೆಯೊಳಗೆ ಯಾಕೆ ಬಂದ ಎಂದು ಯಾರೂ ಕೇಳುವುದಿಲ್ಲ. ಮಗುವಾಗಿದ್ದಾಗ ಬಾಯಿಪಾಠ ಮಾಡಿದ್ದನ್ನು ಜನ ಹೇಳುತ್ತಾರೆಯೇ ಹೊರತು ಕೇಳಿಸಿಕೊಳ್ಳುವುದಿಲ್ಲ. ತೊಳೆಯುವವಳೂ ಕೇಳಿಸಿಕೊಂಡಿರಲಿಲ್ಲ. ಅವಳ ತಲೆ ತುಂಬ ಮಡಕೆಯೇ ಇತ್ತು.

ಒಬ್ಬೊಬ್ಬರೇ ಬಯಲಿಗಿಳಿದರು. ಆ ದಿನ ದೂರದಿಂದ ನಡೆದು ಬಂದಿದ್ದ ಒಬ್ಬ ದಾರಿಹೋಕನೂ ಇದ್ದ. ಹಳೆಯ ಕಾಳಗದ ಜಾಗಗಳನ್ನು ಕಾಲ್ನಡಿಗೆಯಲ್ಲಿ ನೋಡುತ್ತಾ ಹೋಗುವುದು ಅವನ ಹುಚ್ಚು. ಯಜಮಾನರು ಅವನನ್ನೂ ಜೊತೆಗೆ ಕರೆದುಕೊಂಡು ತಮ್ಮ ಮನೆಯ ಕಲ್ಲಿಗೆ ಹೋಗಿಬಂದರು. ಇನ್ನೂರ ಹನ್ನೆರಡು ಹೆಜ್ಜೆ ಎಂದು ಅವನಿಗೆ ಹೇಳುತ್ತಲೇ ಬಂದರು. ಹಿಂದಿರುಗಿ ಮೊದಲು ಯಜಮಾನರು ಕಾಲು ತೊಳೆಸಿಕೊಂಡರು, ಆಮೇಲೆ ದಾರಿಹೋಕ ಕಲ್ಲಿನ ಮೇಲೆ ನಿಂತ. ಅವಳು ಹಿಮ್ಮಡಿಯಿಂದ ಶುರುಮಾಡಿದಳು.

"ಅಕ್ಕ, ಒಂದು ಮಾತು ಕೇಳಲಾ?" ಎಂದ ದಾರಿಹೋಕ.

"ಕೇಳಿ ಸ್ವಾಮಿ."

"ಬಂದವರು ಮೂಡಣದಿಂದ ಬಂದರು, ಪಡುವಣದಿಂದ ಬಂದರು. ಈ ಬಾಗಿಲಿಂದ ಒಬ್ಬನೂ ಬರಲಿಲ್ಲ. ಆದರೆ ಹೆಜ್ಜೆ ಲೆಕ್ಕ ಎಲ್ಲ ಇಲ್ಲಿಂದ್ಲೇ ಶುರುವಾಗುತ್ತಲ್ಲ, ಇಲ್ಲಿ ನಿಂತು ಎಣಿಸಿದವರು ಯಾರು?"

ಪಕ್ಕದಲ್ಲೇ ನಿಂತಿದ್ದ ಯಜಮಾನರು ನಕ್ಕರು. "ಬಯಲೇ ಎಣಿಸಿತು ಸ್ವಾಮಿ. ನಮ್ಮ ಬಯಲು ಅಂದರೆ ಏನು ಅಂದುಕೊಂಡಿರಿ?"

"ಇರಬಹುದು. ನಾನು ಬೇಕಾದಷ್ಟು ಬಯಲು ನೋಡಿದೀನಿ, ಲೆಕ್ಕ ಬರೋ ಬಯಲು ಇದೇ ಮೊದಲು," ಎಂದ ದಾರಿಹೋಕ. ಮತ್ತೆ ಅವಳ ಕಡೆ ಬಗ್ಗಿ, "ಅಕ್ಷರಾನೂ ವಿಚಿತ್ರ. ಎಲ್ಲಾ ಗೆರೆ ಜೋಡಿ ಜೋಡಿ. ನಮ್ಮ ಕಡೆ ಕಲ್ಲುಕುಟಿಗ ಒಂದೇ ಗೆರೆ ಎಳೀತಾನೆ," ಎಂದ.

"ಒಂದು ಗೆರೆ ವೀರನಿಗೆ, ಇನ್ನೊಂದು ಅವನ ದೊರೆಗೆ," ಎಂದರು ಯಜಮಾನರು. "ನಮ್ಮ ಮನೆ ಕಲ್ಲಿನಲ್ಲಿ ಮಾತ್ರ ಅರ್ಧ ಹೆಸರು ಒಂಟಿ ಗೆರೆ, ಉಳಿದರ್ಧ ಜೋಡಿ. ನಮ್ಮವನು ಮೊದಲು ಒಬ್ಬನೇ ನುಗ್ಗಿದ, ಆಮೇಲೆ ಕೀರ್ತಿ ಜೊತೆಗೆ ಬಂತು. ಅದಕ್ಕೇ ಹಾಗೆ."

ತೊಳೆಯುವವಳ ಕೈ ನಿಂತಿತು. ಹುಟ್ಟಿದಾಗಿನಿಂದ ಬಯಲಿನ ಅಂಚಿನಲ್ಲೇ ಇದ್ದರೂ ಅವಳು ಒಂದು ಕಲ್ಲನ್ನೂ ಹತ್ತಿರದಿಂದ ಕಂಡವಳಲ್ಲ. ಜೋಡಿ ಗೆರೆಯ ಮಾತು ಅವಳ ಕಿವಿಗೆ ಬಿದ್ದದ್ದೂ ಅದೇ ಮೊದಲು. ಕಾಲು ತೊಳೆಸಿಕೊಳ್ಳುವವರು ತಮ್ಮ ಕಲ್ಲಿನ ಸಂಗತಿಯನ್ನು ಓಡಿದವನ ಮನೆಯವಳ ಮುಂದೆ ಎತ್ತುವುದಿಲ್ಲ. ಅವಳು ತಲೆ ಎತ್ತಿದಳು. ತೊಲೆಯಿಂದ ನೇತಾಡುವ ಕತ್ತಿಯ ತುದಿಯಲ್ಲಿ ಎರಡು ಹಲ್ಲು ಕಾಣುತ್ತಿತ್ತು.

ಸೂರ್ಯ ಪಡುವಣಕ್ಕೆ ವಾಲುವ ಹೊತ್ತಿಗೆ ತೊಂಬತ್ತಾರು ಮನೆಯವರ ಕಾಲೂ ಮುಗಿಯಿತು. ಅವಳು ಎದ್ದಳು, ಕೈ ಒರೆಸಿಕೊಂಡಳು, ಕತ್ತಿಯನ್ನು ಕೆಳಗಿಳಿಸಿದಳು, ಮಡಕೆಯನ್ನು ಕಂಕುಳಲ್ಲಿ ಇಟ್ಟುಕೊಂಡಳು. ಬಯಲಿನ ಕಡೆ ತಿರುಗಿ ನಿಂತಾಗ ಯಜಮಾನರು ಅಡ್ಡ ಬಂದರು.

"ಎಲ್ಲಿಗಮ್ಮ?"

"ನಡೆಯೋಕೆ, ಯಜಮಾನ್ರೇ."

"ನಿನಗೇನು ತಲೆಗಿಲೆ ಕೆಟ್ಟಿದೆಯಾ? ನಿಮ್ಮವನು ಬಿದ್ದ ಜಾಗ ಯಾವುದು, ಹೇಳು ನೋಡೋಣ."

"ಗೊತ್ತಿಲ್ಲ. ಹುಡುಕ್ತೀನಿ."

"ಓಡಿದವನು ಎಲ್ಲಿ ಬೀಳ್ತಾನೆ? ಸಿಗದೇ ಹೋದರೆ ಈ ಬಾಗಿಲು ನಿನಗೆ ಮುಚ್ಚಿತು. ಮನೆ ಇಲ್ಲ, ಊರಿಲ್ಲ. ನಾನು ಬೇಕು ಅಂದರೂ ತೆಗೆಯೋಕಾಗಲ್ಲ, ಕಟ್ಟಳೆ." ಅವರ ದನಿಯಲ್ಲಿ ಸಿಟ್ಟಿನ ಜೊತೆ ಕನಿಕರವೂ ಇತ್ತು. ಅವರು ಕೆಟ್ಟವರಲ್ಲ, ಇನ್ನೊಬ್ಬರು ಹಾಕಿಕೊಟ್ಟ ಗೆರೆಯ ಮೇಲೆ ನಡೆದು ಯಜಮಾನರಾದವರು. "ಅಪ್ಪನ ಬೂದೀನ ಎಲ್ಲರ ಹಾಗೆ ಹಳ್ಳಕ್ಕೆ ಬಿಟ್ಟು ಬಾ. ಹೋಗು."

"ಎಲ್ಲರ ಬೂದೀನೂ ಹಳ್ಳಕ್ಕೆ ಹೋಗಲ್ಲ, ಯಜಮಾನ್ರೇ," ಎಂದು ಅವಳು ಬಯಲಿಗೆ ಕಾಲಿಟ್ಟಳು.

ಅವಳಿಗೆ ಹೆದರಿಕೆಯಾಗಿತ್ತು. ಊರು ಬಿಟ್ಟರೆ ಎಲ್ಲಿಗೆ ಹೋಗಬೇಕೆಂಬುದು ಅವಳಿಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಒಂದೇ ಲೆಕ್ಕ, ಆ ದಿನ ಯಜಮಾನರ ಬಾಯಿಂದ ಕೇಳಿದ್ದು. ಅವಳು ಒಂದು ಎಂದಳು, ಎರಡು ಎಂದಳು. ಮಣ್ಣು ಬೆಚ್ಚಗಿತ್ತು, ಮೆತ್ತಗಿತ್ತು. ಇಷ್ಟು ವರ್ಷ ಅಪ್ಪನೂ ಈ ದಿನ ತಾನೂ ಬೇರೆಯವರ ಹಿಮ್ಮಡಿಯಿಂದ ಕೆರೆದು ತೆಗೆದ ಮಣ್ಣು ಅವಳ ಹಿಮ್ಮಡಿಗೆ ಮೊದಲ ಸಲ ಅಂಟಿತು. ಇನ್ನೂರ ಹನ್ನೆರಡು ಎಂದಾಗ ಅವಳ ಮುಂದೆ ಯಜಮಾನರ ಮನೆಯ ಕಲ್ಲಿತ್ತು. ಹಿಂದಿನಿಂದ ಏದುಸಿರು ಬಿಡುತ್ತಾ ಯಜಮಾನರೂ ಬಂದರು. ತಮ್ಮ ಮನೆಯ ಕಲ್ಲನ್ನು ಓಡಿದವನ ಮನೆಯವಳು ಮುಟ್ಟುವುದೆಂದರೆ ಅವರು ನೋಡಿಕೊಂಡು ಸುಮ್ಮನಿರುವುದುಂಟೇ?

"ಮುಟ್ಟಬೇಡ!"

ಅವಳು ಮುಟ್ಟಿಯಾಗಿತ್ತು. ಕಲ್ಲು ಎದೆಯೆತ್ತರ ಇತ್ತು, ತಲೆ ದುಂಡಗೆ. ಹೆಸರಿನ ಮೊದಲ ಅಕ್ಷರಗಳು ಒಂಟಿ ಗೆರೆಯಲ್ಲಿ ನೇರವಾಗಿ ಬಂದಿದ್ದವು. ನಡುವೆ ಒಂದು ಅಕ್ಷರದ ತಿರುವಿನಲ್ಲಿ ಗೆರೆ ಆಳವಾಗಿ ಕಚ್ಚಿಕೊಂಡು ನಿಂತಿತ್ತು, ಅಲ್ಲಿಂದ ಮುಂದೆ ಎಲ್ಲ ಜೋಡಿ. ಕಚ್ಚಿಕೊಂಡ ಜಾಗದಲ್ಲಿ ಕಪ್ಪಗೆ ಏನೋ ಹೊಳೆಯುತ್ತಿತ್ತು.

"ಇದೇನು ಯಜಮಾನ್ರೇ?"

"ವೀರನ ಹನಿ," ಎಂದರು ಅವರು ಕೂಡಲೇ. "ನಮ್ಮವನ ರಕ್ತದ ಹನಿ ಕಲ್ಲಿನಲ್ಲಿ ಗಟ್ಟಿಯಾಗಿ ಕೂತಿದೆ. ತುಕ್ಕು ಹಿಡೀಬಾರದು ಅಂತ ನಾವು ವರ್ಷಾ ವರ್ಷಾ ಎಣ್ಣೆ ಹಚ್ತೀವಿ."

ರಕ್ತಕ್ಕೆ ತುಕ್ಕು ಹಿಡಿಯುತ್ತದೆಯೇ ಎಂದು ಅವಳು ಕೇಳಲಿಲ್ಲ. ಮಡಕೆಯನ್ನು ನೆಲಕ್ಕಿಟ್ಟು ಎರಡೂ ಕೈಯಿಂದ ಕತ್ತಿ ಹಿಡಿದು ತುದಿಯನ್ನು ಆ ಕಪ್ಪಿನ ಮೇಲೆ ಒತ್ತಿದಳು. ಎರಡು ಹಲ್ಲುಗಳ ನಡುವೆ ವೀರನ ಹನಿ ಸರಿಯಾಗಿ ಕೂತಿತು. ಒಂದು ಕೂದಲು ತೂರುವಷ್ಟೂ ಸಂದಿ ಉಳಿಯಲಿಲ್ಲ. ಅವಳು ಕತ್ತಿಯನ್ನು ಮುಂದಿನ ಅಕ್ಷರಕ್ಕೆ ಸರಿಸಿದಳು. ಎರಡು ಹಲ್ಲು ಎರಡು ಗೆರೆಯಲ್ಲಿ ಇಳಿದವು, ಬಂಡಿಯ ಗಾಲಿ ತನ್ನ ಜಾಡಿನಲ್ಲಿ ಇಳಿಯುವ ಹಾಗೆ. ಕೈ ತಾನಾಗಿ ಅಕ್ಷರದ ಮೇಲೆ ಹೋಯಿತು. ಅದರ ಮುಂದಿನ ಅಕ್ಷರ, ಅದರ ಕೆಳಗೆ ಹೆಜ್ಜೆಯ ಲೆಕ್ಕ.

ಯಜಮಾನರು ಅವಳ ಕೈಯಿಂದ ಕತ್ತಿ ತೆಗೆದುಕೊಂಡು ತಾವೇ ಒತ್ತಿ ನೋಡಿದರು. ಪಕ್ಕದ ಕಲ್ಲಿಗೆ ಹೋಗಿ ನೋಡಿದರು. ಅದು ಕಾಳಗದಲ್ಲಿ ಎದುರು ಕಡೆಯವನ ಕಲ್ಲು. ಅಲ್ಲಿಯೂ ಹಲ್ಲು ಕೂತಿತು. ಇನ್ನೊಂದು, ಮತ್ತೊಂದು. ಏಳೆಂಟು ಕಲ್ಲು ನೋಡಿ ಬಂದರು.

"ತೊಂಬತ್ತಾರು," ಎಂದರು.

"ಹೂಂ."

"ಬಾವುಟ ನೋಡಿ ಹೆಸರು ಬರೆದ. ಎರಡೂ ಕಡೆಯವರದು."

"ಹೂಂ. ಗುಂಡಿ ತೋಡಬೇಕು, ಹೆಣ ಎಳೆಯಬೇಕು, ಗುಡ್ಡದಿಂದ ಕಲ್ಲು ತರಬೇಕು. ಒಬ್ಬನೇ ಅಂದರೆ ವರ್ಷವಾದರೂ ಹಿಡಿದಿರುತ್ತೆ." ತಾನು ಬಗ್ಗಿಸಿದ ತಲೆಯೂ, ಅಪ್ಪ ಬಗ್ಗಿಸಿದ ತಲೆಯೂ, ಅವನಪ್ಪನದೂ, ಎಲ್ಲವೂ ಒಟ್ಟಿಗೆ ನೆನಪಾಗಿ ಅವಳಿಗೆ ಅಳುವೂ ಬಂತು, ಕೆಟ್ಟ ಸಿಟ್ಟೂ ಬಂತು. ಕಣ್ಣು ಒರೆಸಿಕೊಂಡಳು. ಕೈಯ ಮಣ್ಣು ಮುಖಕ್ಕೆ ಹತ್ತಿತು.

ಯಜಮಾನರು ತಗ್ಗಿದ ದನಿಯಲ್ಲಿ ಹೇಳಿದರು. "ನೋಡಮ್ಮ. ಇದು ನಮ್ಮಿಬ್ಬರಲ್ಲೇ ಇರಲಿ. ನಿಮ್ಮಪ್ಪನ ಬೂದೀನ ಇಲ್ಲೇ, ನಮ್ಮ ಕಲ್ಲಿನ ಬುಡದಲ್ಲಿ ಹಾಕು. ನಾನು ಯಾರಿಗೂ ಹೇಳಲ್ಲ. ಬಾಗಿಲೂ ತೆಗೆಸ್ತೀನಿ."

ಅದು ಸಣ್ಣ ಮಾತಾಗಿರಲಿಲ್ಲ. ಅಪ್ಪ ಕೇಳಿದ್ದು ಒಂದು ಹಿಡಿ ಜಾಗ. ಅದು ಸಿಗುತ್ತಿತ್ತು, ಅದೂ ಊರಿನ ಮೊದಲ ಕಲ್ಲಿನ ಬುಡದಲ್ಲಿ. ಮನೆ ಉಳಿಯುತ್ತಿತ್ತು, ಊರು ಉಳಿಯುತ್ತಿತ್ತು. ಸೂರ್ಯ ಇನ್ನೂ ಒಂದು ಮಾರಿನಷ್ಟು ಎತ್ತರದಲ್ಲಿದ್ದ. ಅವಳು ಮಡಕೆಯನ್ನು ಎತ್ತಿಕೊಂಡಳು.

"ಇದು ನಿಮ್ಮವರು ಬಿದ್ದ ಜಾಗ, ಯಜಮಾನ್ರೇ. ನಮ್ಮವನು ಬಿದ್ದದ್ದು ಇಲ್ಲಲ್ಲ."

ತಿರುಗಿ ನಡೆದಳು. ಹೋಗುವಾಗ ಎಣಿಸಿದ ಹಾಗೆಯೇ ಬರುವಾಗಲೂ ಎಣಿಸಿದಳು. ಕತ್ತಿ ಹಿಡಿದುಕೊಂಡು ಯಜಮಾನರು ಹಿಂದೆ ಬಂದರು. ಹೆಬ್ಬಾಗಿಲಲ್ಲಿ ಊರಿಗೆ ಊರೇ ನಿಂತಿತ್ತು. ಇನ್ನೂರ ಹನ್ನೆರಡನೆಯ ಹೆಜ್ಜೆ ಚಪ್ಪಟೆ ಕಲ್ಲಿನ ಅಂಚಿಗೆ ಬಂದು ನಿಂತಿತು. ಅವಳು ಕಲ್ಲಿನ ಮೇಲೆ ಹತ್ತಲಿಲ್ಲ. ಅಂಚಿನಲ್ಲಿ ಕೂತು ಅದನ್ನು ಮೊದಲ ಸಲ ಕಲ್ಲೆಂದು ನೋಡಿದಳು. ಎದೆಯೆತ್ತರದ ಉದ್ದ, ದುಂಡಗಿನ ತಲೆ, ಬಯಲಿನ ಕಲ್ಲುಗಳದೇ ಬೂದು ಬಣ್ಣ. ಒಂದು ಅಕ್ಷರವೂ ಇರಲಿಲ್ಲ. ಇದರ ಮೇಲೆ ಬರೆಯಲು ಯಾರೂ ಉಳಿದಿರಲಿಲ್ಲ.

ಅವಳು ಎದ್ದು ನಿಂತು ಜನರನ್ನು ಕೇಳಿದಳು.

"ಹೆಬ್ಬಾಗಿಲಲ್ಲಿ ಏನಿತ್ತು?"

ತೊಳೆಯುವವಳು ಕೇಳುವ ಪದ್ಧತಿ ಇರಲಿಲ್ಲ. ಆದರೂ ಪ್ರಶ್ನೆ ಬಿದ್ದ ಮೇಲೆ ಉತ್ತರ ಅವರ ಬಾಯಿಂದ ತಾನಾಗಿ ಬಂತು. "ಓಡಿದವನ ಕತ್ತಿ."

"ಈ ಕಲ್ಲಿನ ಮೇಲೆ ಯಾರು ಬಿದ್ದಿದ್ದ?"

"ಯಾರೋ ಭಿಕ್ಷುಕ. ಮುಖವನ್ನು ಕಾಗೆ ತಿಂದಿತ್ತು, ಬೆರಳಿನಲ್ಲಿ ಉಗುರಿರಲಿಲ್ಲ."

"ಯಾಕಿರಲಿಲ್ಲ?"

ಇದು ಪಾಠದಲ್ಲಿರಲಿಲ್ಲ. ಜನ ಯಜಮಾನರ ಮುಖ ನೋಡಿದರು. ಬೇಕಾಗಿದ್ದರೆ ಅವರು ಆಗಲೂ ನಗಬಹುದಿತ್ತು, ಬಯಲಿಗೆ ಗೊತ್ತು ಎನ್ನಬಹುದಿತ್ತು. ಅವರು ಕತ್ತಿಯನ್ನು ಎರಡು ಕೈಯಲ್ಲೂ ಎತ್ತಿ ಹಿಡಿದು ಅದರ ಹಲ್ಲನ್ನು ಜನರಿಗೆ ತೋರಿಸಿದರು.

"ಕಲ್ಲು ನಿಲ್ಲಿಸಿದ್ದು ಬಯಲಲ್ಲ," ಎಂದರು. ಅಷ್ಟು ಹೇಳುವುದರಲ್ಲಿ ಅವರಿಗೆ ಸಾಕುಸಾಕಾಯಿತು. "ಹೋಗಿ ನಿಮ್ಮ ನಿಮ್ಮ ಗೆರೆಗೆ ಹಿಡಿದು ನೋಡಿ. ನಾನು ನೋಡಿ ಬಂದೆ."

ಹಿಂದಿನ ಸಾಲಿನಲ್ಲಿ ಒಬ್ಬ ಮುದುಕಿ "ಅಯ್ಯೋ, ಹಳ್ಳಕ್ಕೆ ಹಾಕಿಬಿಟ್ಟೆವಲ್ಲೋ" ಎಂದು ಅಲ್ಲೇ ಕುಸಿದು ಕೂತಳು. ಹೆಣ ನಿನ್ನೆ ಮೊನ್ನೆಯದೇನೋ ಎಂಬಂತೆ ಅಳತೊಡಗಿದಳು. ಉಳಿದವರು ತಮ್ಮ ತೊಳೆದ ಕಾಲುಗಳನ್ನು ನೋಡಿಕೊಂಡರು.

ತೊಳೆಯುವವಳು ಕತ್ತಿಯನ್ನು ಕೇಳಿ ಇಸಕೊಂಡಳು. ಕಲ್ಲಿನ ತಲೆಯ ಬಳಿ ಅದರಿಂದಲೇ ಒಂದು ಗುಂಡಿ ತೋಡಿ ಮಡಕೆ ಬರಿದುಮಾಡಿ ಮಣ್ಣು ಮುಚ್ಚಿ ಅಂಗೈಯಿಂದ ತಟ್ಟಿದಳು. ಸೂರ್ಯನ ಅಂಚು ಇನ್ನೂ ಕಾಣುತ್ತಿತ್ತು. ಅವಳು ಎದ್ದು ಕತ್ತಿಯನ್ನು ಕಲ್ಲಿನ ಮುಂದೆ ಇಟ್ಟು ನೆಟ್ಟಗೆ ನಿಂತಳು.

"ನೀನು ಬಿದ್ದಲ್ಲಿ ನಾನು ನಿಂತೆ," ಎಂದಳು.

ಅಲ್ಲಿಗೆ ಮೊದಲ ಕಟ್ಟಳೆ ಮುಗಿಯಿತು. ಇನ್ನೆರಡು ಉಳಿದಿದ್ದವು. ಅವಳ ಕಾಲು ಮೊಣಕಾಲವರೆಗೆ ಬಯಲಿನ ಮಣ್ಣಾಗಿತ್ತು. ಆ ಮಣ್ಣು ಊರೊಳಗೆ ಹೋಗುವಂತಿಲ್ಲ. ಅದನ್ನು ಅವಳೇ ತೊಳೆದುಕೊಳ್ಳುವಂತೆಯೂ ಇಲ್ಲ. ತೊಂಬತ್ತಾರು ಮನೆಯಲ್ಲಿ ಇನ್ನೊಬ್ಬರ ಕಾಲು ತೊಳೆದು ಗೊತ್ತಿದ್ದವರು ಒಬ್ಬರೂ ಇರಲಿಲ್ಲ. ಅವಳು ನಿಂತೇ ಇದ್ದಳು. ಜನವೂ ನಿಂತಿತ್ತು. ದಾರಿಹೋಕ ಚೆಂಬಿನ ಕಡೆ ಒಂದು ಹೆಜ್ಜೆ ಇಟ್ಟವನು ಏನು ತೋಚಿತೋ, ಹಿಂದಕ್ಕೆ ಸರಿದ.

ಯಜಮಾನರು ಬಂದು ಚೆಂಬು ತೆಗೆದುಕೊಂಡರು. ಅಭ್ಯಾಸಬಲದಿಂದ ಕಲ್ಲಿನ ಕಡೆ ಕೈ ತೋರಿಸಿ, ತಟ್ಟನೆ ಕೈ ಹಿಂದಕ್ಕೆಳೆದುಕೊಂಡರು. ಕಲ್ಲಿನ ಪಕ್ಕದ ನೆಲದ ಮೇಲೆ ಕೂತರು. ಕೂರಲು ಬಹಳ ಹೊತ್ತು ಹಿಡಿಯಿತು, ಮಂಡಿ ಲಟಲಟ ಎಂದಿತು. ಅವಳು ಬಲಗಾಲು ಮುಂದಿಟ್ಟಳು. ಅವರು ನೀರು ಹೊಯ್ದರು, ಮೇಲಿನಿಂದ ಧಾರಾಳವಾಗಿ ಹೊಯ್ದದ್ದರಿಂದ ಅರ್ಧ ಅವರ ಪಂಚೆಗೇ ಬಿತ್ತು. ಬೆರಳುಗಳನ್ನು ಉಜ್ಜಿದರು, ಪಾದದ ಮೇಲ್ಭಾಗ ಉಜ್ಜಿದರು, ಇಷ್ಟೇ ತಾನೆ ಎಂಬಂತೆ ತಲೆ ಎತ್ತಿದರು.

ಅವಳು ಕಾಲು ತೆಗೆಯಲಿಲ್ಲ.

"ಹಿಮ್ಮಡಿ ಬಿಟ್ಟಿರಿ, ಯಜಮಾನ್ರೇ," ಎಂದಳು.

ಅವರು ಮತ್ತೆ ಬಗ್ಗಿದರು.